ಕರು ಎಳೆದ ಸೆರಗು: ಪಿನ್‌ಅಪ್ ಭಾವಚಿತ್ರದಲ್ಲಿ ನನ್ನ ಅನುಭವ

ಕಾಸರಗೋಡಿನ ಪೆರ್ಲದ ಹತ್ತಿರ, ಅಡಿಕೆ ತೋಟದ ನಡುವಿನ ಮನೆಯ ಮಾಳಿಗೆಯಲ್ಲಿ ಕುಳಿತು ಪಿನ್‌ಅಪ್ ಶೈಲಿಯ ಕಾರ್ಟೂನ್ ಭಾವಚಿತ್ರ ಬರೆದು ಬದುಕುತ್ತೇನೆ ಎಂದಾಗ ನಂಬಿದವರು ಒಬ್ಬರೂ ಇರಲಿಲ್ಲ. ಪಿನ್‌ಅಪ್ ಎಂದರೆ ಹಿಂದೆ ಅಮೆರಿಕದ ಕ್ಯಾಲೆಂಡರುಗಳಲ್ಲಿ ಬರುತ್ತಿದ್ದ, ಬೆಡಗಿನ ಭಂಗಿಯಲ್ಲಿ ನಿಂತ ಹೆಂಗಸರ ಚಿತ್ರ. ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸ ಬಿಟ್ಟದ್ದೇ ತಪ್ಪು ಎಂದರು. ಸೋದರಮಾವ ಮನೆಗೇ ಬಂದು, "ದೇವರ ಚಿತ್ರ ಬರೆ, ಮದುವೆ ಕಾಗದಕ್ಕೆ ಬರೆ. ಈ ಕ್ಯಾಲೆಂಡರ್ ಹೆಂಗಸರನ್ನು ನಮ್ಮ ಊರಿನಲ್ಲಿ ಯಾರು ಗೋಡೆಗೆ ಹಾಕುತ್ತಾರೆ ಮಗಳೇ?" ಎಂದು ಕೇಳಿದರು. ಅದಾಗಿ ಆರು ವರ್ಷವಾಯಿತು. ಈಗ ತಿಂಗಳಿಗೆ ಹನ್ನೆರಡು, ಹದಿಮೂರು ಚಿತ್ರಗಳು ಇಲ್ಲಿಂದ ಹೊರಡುತ್ತವೆ. ತೆಗೆದುಕೊಳ್ಳುವವರಲ್ಲಿ ಹತ್ತಕ್ಕೆ ಎಂಟು ಮಂದಿ ಹೆಂಗಸರು, ಅವರಲ್ಲೂ ಹೆಚ್ಚಿನವರು ನಲವತ್ತು ದಾಟಿದವರು. ಕುಂಬಳೆ, ಉಪ್ಪಳ, ಮಂಗಳೂರು, ದುಬೈ, ಶಾರ್ಜಾ ಎಲ್ಲ ಕಡೆ ಗೋಡೆಗೆ ಹಾಕಿದ್ದಾರೆ.

ಮೊದಲ ಎರಡು ವರ್ಷ ಮಾತ್ರ ಕೈಯಿಂದಲೇ ಹಣ ಹೋಯಿತು. ಕಾರ್ಟೂನ್ ಭಾವಚಿತ್ರವೆಂದರೆ ದೊಡ್ಡ ತಲೆ, ಸಣ್ಣ ಮೈ ಎಂಬುದು ನಮ್ಮೆಲ್ಲರ ಕೈಗೆ ಕೂತ ಅಭ್ಯಾಸ. ಮದುವೆ ಮಂಟಪದಲ್ಲಿ ಹತ್ತು ನಿಮಿಷಕ್ಕೊಂದು ಬರೆಯುವವರು ಮೂರು ತಲೆಯ ಅಳತೆಯಲ್ಲಿ, ಅಂದರೆ ತಲೆಯ ಮೂರರಷ್ಟು ಎತ್ತರದಲ್ಲಿ, ಇಡೀ ಮನುಷ್ಯನನ್ನು ಮುಗಿಸುತ್ತಾರೆ. ಪಿನ್‌ಅಪ್‌ನ ಜೀವವಿರುವುದು ಉದ್ದ ಕಾಲಿನಲ್ಲಿ, ಎಂಟು ತಲೆಯ ನಿಲುವಿನಲ್ಲಿ. ಎರಡನ್ನೂ ಹಾಗೆಯೇ ಕೂಡಿಸಿದರೆ ಕುತ್ತಿಗೆ ತಲೆಯ ಭಾರ ಹೊರುವುದಿಲ್ಲ. ನಾಲ್ಕು ತಲೆ, ಆರು ತಲೆ, ಏಳು ತಲೆ ಎಂದು ನೂರೈವತ್ತು ಹಾಳೆಯಾದರೂ ಹರಿದಿರಬೇಕು. ಕೊನೆಗೆ ಐದೂಕಾಲು ತಲೆಗೆ ಬಂದು ನಿಂತೆ. ಉದ್ದವನ್ನು ಮೊಣಕಾಲಿನ ಕೆಳಗೆ ಕೊಡಬೇಕು, ಮೇಲೆ ಕೊಟ್ಟರೆ ಕೆಡುತ್ತದೆ. ಸೀರೆ ಉಟ್ಟವರಾದರೆ ನಿರಿಗೆಯೇ ಆ ಕೆಲಸ ಮಾಡುತ್ತದೆ. ಗಂಜಿ ಹಾಕಿದ ಕಾಸರಗೋಡಿನ ಕೈಮಗ್ಗದ ಹತ್ತಿ ಸೀರೆ ಇದಕ್ಕೆ ಬಲು ಒಳ್ಳೆಯದು. ಅದರ ಮಡಿಕೆ ಮೂಲೆ ಮೂಲೆಯಾಗಿ ಮುರಿಯುತ್ತದೆ, ಗೆರೆಗೆ ಹಿಡಿತ ಸಿಗುತ್ತದೆ. ಜಾರ್ಜೆಟ್ ಉಟ್ಟ ಫೋಟೊ ಬಂದರೆ ಒಂದು ದಿನದ ಕೆಲಸ ಹೆಚ್ಚು.

ಎರಡನೆಯ ಸೋಲು ಮೈಬಣ್ಣದ್ದು. ಅಮೆರಿಕದ ಪಿನ್‌ಅಪ್ ಕಲಾವಿದರಾದ ಎಲ್ವ್‌ಗ್ರೆನ್, ವರ್ಗಾಸ್ ಅವರ ಚಿತ್ರ ನೋಡಿ ಕಲಿತ ಕೈಗೆ ಗುಲಾಬಿ ಮೈ ತಾನಾಗಿ ಬಂದುಬಿಡುತ್ತಿತ್ತು. ಮುಳ್ಳೇರಿಯದ ಒಬ್ಬಳು ತಾಯಿಯ ಐವತ್ತನೆಯ ಹುಟ್ಟುಹಬ್ಬಕ್ಕೆ ಹೇಳಿ ಬರೆಸಿದ್ದಳು. ಚಿತ್ರವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. "ಚಂದ ಉಂಟು ಅಕ್ಕಾ, ಆದರೆ ಇದು ಅಮ್ಮ ಅಲ್ಲ" ಎಂದಳು. ಏಳುನೂರು ರೂಪಾಯಿಯನ್ನು ಆಗಲೇ ಹಿಂದಕ್ಕೆ ಕೊಟ್ಟೆ. ಆ ದಿನದಿಂದ ಯಾರ ಬಣ್ಣವನ್ನೂ ತೆಳುಮಾಡಿಲ್ಲ, ಅವರೇ ಕೇಳಿದರೂ ಇಲ್ಲ. ಕಪ್ಪು ಮೈಯ ಮೇಲೆ ಬಯಲಿನ ಬೆಳಕು ಬಿದ್ದಾಗ ಹೊಳಪು ನೀಲಿಯ ಕಡೆಗೆ ವಾಲುತ್ತದೆ. ಅಲ್ಲಿ ಬಿಳಿ ಇಟ್ಟರೆ ಬೂದಿ ಬಳಿದಂತೆ ಕಾಣುತ್ತದೆ. ನಾನು ಬಳಸುವ ಗವಾಶ್ (ನೀರಿನಲ್ಲಿ ಕಲಸಿ ಹಚ್ಚುವ, ಅಡಿ ಕಾಣದಂತೆ ಮುಚ್ಚುವ ಬಣ್ಣ) ಒಣಗಿದ ಮೇಲೆ ಗಾಢ ಬಣ್ಣ ತಿಳಿಯಾಗುತ್ತದೆ, ತಿಳಿ ಬಣ್ಣ ಗಾಢವಾಗುತ್ತದೆ. ಆದ್ದರಿಂದ ಪ್ರತಿ ಗಿರಾಕಿಗೂ ಒಂದು ಚೀಟಿಯಲ್ಲಿ ಬಣ್ಣ ಹಚ್ಚಿ ಒಣಗಿಸಿ, ಫೋಟೊದ ಪಕ್ಕ ಇಟ್ಟು ನೋಡಿಯೇ ಮುಂದುವರಿಯುತ್ತೇನೆ. ಮೈಬಣ್ಣದ ಅಡಿಯಲ್ಲಿ ಮೊದಲು ಯಾವ ಬಣ್ಣ ಹಾಸುತ್ತೇನೆ ಎಂದು ಹೇಳುವುದಿಲ್ಲ. ಕಂದು ಅಲ್ಲ, ಅಷ್ಟು ಹೇಳಬಲ್ಲೆ.

ಇಷ್ಟಾದರೂ ಚಿತ್ರಗಳು ಮಾರಾಟವಾಗುತ್ತಿರಲಿಲ್ಲ. ಎಲ್ಲರೂ ಒಂದೇ ಹೆಂಗಸಿನಂತೆ ಕಾಣುತ್ತಿದ್ದರು: ಅದೇ ಕೆಂಪು ತುಟಿ, ಅದೇ ಓರೆನೋಟ. ದಾರಿ ತೋರಿಸಿದ್ದು ಬೇಲೂರು. ಅಣ್ಣನ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ, ನನ್ನ ಕೆಲಸ ಮನಸ್ಸಿನಲ್ಲೇ ಇರಲಿಲ್ಲ. ಕತ್ತೆತ್ತಿ ಮದನಿಕೆಯರನ್ನು ನೋಡುತ್ತಾ ಹೋದಂತೆ ಎದೆ ಹೊಡೆದುಕೊಳ್ಳತೊಡಗಿತು. ತಲೆ ಒಂದು ಕಡೆ, ನಡು ಇನ್ನೊಂದು ಕಡೆ, ಮೊಣಕಾಲು ಮತ್ತೊಂದು ಕಡೆ ಬಾಗಿದ ತ್ರಿಭಂಗಿ. ನಾನು ಅಮೆರಿಕದ ಕ್ಯಾಲೆಂಡರುಗಳಲ್ಲಿ ಹುಡುಕುತ್ತಿದ್ದ ನಿಲುವು ಅದೇ. ಒಬ್ಬಳ ಕೈಯಲ್ಲಿ ಕನ್ನಡಿ, ಒಬ್ಬಳ ಕೈಯಲ್ಲಿ ಗಿಳಿ. ಒಬ್ಬಳ ಸೀರೆಯನ್ನು ಕೋತಿ ಹಿಡಿದು ಎಳೆಯುತ್ತಿದೆ, ಅವಳು ಹೊಡೆಯಲು ಕೊಂಬೆ ಎತ್ತಿದ್ದಾಳೆ. ಎಲ್ವ್‌ಗ್ರೆನ್ ಚಿತ್ರಗಳಲ್ಲಿ ನಾಯಿಯ ಹಗ್ಗ ಕಾಲಿಗೆ ಸುತ್ತಿಕೊಳ್ಳುವುದು, ಲಂಗ ಎಲ್ಲೋ ಸಿಕ್ಕಿಕೊಳ್ಳುವುದು ಇದೇ ಅಲ್ಲವೇ? 1117ರಲ್ಲಿ ಪ್ರತಿಷ್ಠೆಯಾದ ದೇವಸ್ಥಾನದ ಗೋಡೆಯ ಮೇಲೆ ಆ ಸಣ್ಣ ಪೇಚಾಟ ಕಲ್ಲಾಗಿ ನಿಂತಿದೆ. ಮಾವನಿಗೆ ಆ ಫೋಟೊ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಮಾತಾಡದೆ ಮೊಬೈಲ್ ಹಿಂದಕ್ಕೆ ಕೊಟ್ಟರು.

ಅಂದಿನಿಂದ ನಾನು ಬರೆಯುವುದು ಪೇಚಾಟವನ್ನು. ಮೂಗು, ಗಲ್ಲ ಸ್ವಲ್ಪ ಹೆಚ್ಚು ಕಡಿಮೆಯಾದರೂ ನಡೆಯುತ್ತದೆ, ಪೇಚಾಟ ಅವರದೇ ಆಗಿರಬೇಕು. ಮೂರು ಫೋಟೊ ತರಿಸಿಕೊಳ್ಳುತ್ತೇನೆ: ಎದುರಿನದು, ಮುಕ್ಕಾಲು ಮುಖದ್ದು, ಗೊತ್ತಿಲ್ಲದೆ ನಗುವಾಗ ಯಾರೋ ತೆಗೆದದ್ದು. ಬಳಿಕ ಹತ್ತು ನಿಮಿಷ ಫೋನಿನಲ್ಲಿ ಮಾತಾಡಿ ಮೂರು ಪ್ರಶ್ನೆ ಕೇಳುತ್ತೇನೆ. ದಿನಕ್ಕೊಮ್ಮೆಯಾದರೂ ನಿಮ್ಮ ಕೈ ತಪ್ಪಿಸಿಕೊಳ್ಳುವ ವಸ್ತು ಯಾವುದು ಎಂಬುದು ಮೊದಲನೆಯದು. ನಿಮ್ಮನ್ನು ಕಂಡರೆ ಓಡಿ ಬರುವ ಪ್ರಾಣಿ ಯಾವುದು ಎಂಬುದು ಎರಡನೆಯದು. ಮೂರನೆಯದು ನನ್ನಲ್ಲೇ ಇರಲಿ, ಚಿತ್ರ ಹುಟ್ಟುವುದು ಆ ಉತ್ತರದಿಂದ.

ನೀರ್ಚಾಲಿನ ಒಬ್ಬ ಅತ್ತಿಗೆಯ ಚಿತ್ರ ಹೇಳುತ್ತೇನೆ, ನನ್ನ ಕೆಲಸದಲ್ಲಿ ಅದಕ್ಕೇ ಮೊದಲ ಸ್ಥಾನ. ಅಂಗಳದಲ್ಲಿ ಒಣಹಾಕಿದ ಅಡಿಕೆ, ಹೇಳದೆ ಬಂದ ಮಳೆ. ಅವರು ಒಂದು ಕೈಯಲ್ಲಿ ಅಡಿಕೆ ಬುಟ್ಟಿ ಸೊಂಟಕ್ಕೆ ಒತ್ತಿದ್ದಾರೆ, ಇನ್ನೊಂದು ಕೈಯಲ್ಲಿ ಗಾಳಿಗೆ ಮೇಲ್ಮುಖವಾದ ಕೊಡೆ, ಹಿಂದಿನಿಂದ ಕರು ಸೆರಗಿನ ತುದಿ ಬಾಯಲ್ಲಿ ಹಿಡಿದಿದೆ. ಹುಬ್ಬು ಮೇಲೆ, ಬಾಯಿ "ಓ" ಎಂದು ದುಂಡಗೆ. ಕಾಲ ಬೆರಳು ನೆಲ ಒತ್ತಿ ಹಿಡಿದಲ್ಲಿ ಇಡೀ ಮೈಯ ಭಾರ. ಬೆಳ್ಳಿ ಕಾಲುಂಗುರಕ್ಕೆ ಒಂದು ಚುಕ್ಕಿ ಬೆಳಕು ಇಟ್ಟೆ, ಅಷ್ಟೇ. ನಲವತ್ತೆಂಟು ವಯಸ್ಸಿನ ಅವರು ಚಿತ್ರ ನೋಡಿ, "ಹೌದಪ್ಪ, ನಾನೇ" ಎಂದು ಕಣ್ಣು ಒರೆಸಿಕೊಂಡರು. ಆ ಒಂದು ಚಿತ್ರದಿಂದ ಎರಡು ತಿಂಗಳಲ್ಲಿ ಸುಮಾರು ಇಪ್ಪತ್ತು ಮಂದಿ ಬಂದರು.

ಭಂಗಿಗೆ ಬೇರೆಯವರನ್ನು ಕರೆಯುವುದಿಲ್ಲ, ಕನ್ನಡಿಯ ಮುಂದೆ ನಾನೇ ನಿಲ್ಲುತ್ತೇನೆ. ಅಮೆರಿಕದ ಪಿನ್‌ಅಪ್ ಕಲಾವಿದೆ ಜೋಯಿ ಮೋಜರ್ಟ್ ಎಲ್ವ್‌ಗ್ರೆನ್, ವರ್ಗಾಸ್ ಅವರ ಕಾಲದಲ್ಲೇ ತನಗೆ ತಾನೇ ಮಾದರಿಯಾಗಿ ಬರೆದವರು. ಅವರ ಹೆಸರು ಓದಿದ ಮೇಲೆ ನನ್ನ ಸಂಕೋಚ ಬಿಟ್ಟುಹೋಯಿತು.

ಇನ್ನು ಹಣದ ಮಾತು. ಆರಂಭದಲ್ಲಿ ತಲೆಗೆ ಮುನ್ನೂರೈವತ್ತು ತೆಗೆದುಕೊಂಡೆ, ಅದು ಕರೆಂಟಿಗೂ ಸಾಲದು. ಈಗ ಐಪ್ಯಾಡಿನಲ್ಲಿ ಮಾಡಿದ ಎ4ಕ್ಕೆ ಸಾವಿರದ ಎಂಟುನೂರು, 300 ಜಿಎಸ್‌ಎಂ ದಪ್ಪ ಕಾಗದದ ಮೇಲೆ ಗವಾಶ್‌ನ ಎ3ಕ್ಕೆ ನಾಲ್ಕೂವರೆ ಸಾವಿರ. ಅರ್ಧ ಮುಂಗಡ ಬಾರದೆ ಪೆನ್ಸಿಲ್ ಮುಟ್ಟುವುದಿಲ್ಲ. ತಿದ್ದುಪಡಿ ಎರಡು ಸಲ, ಅದೂ ಪೆನ್ಸಿಲ್ ಹಂತದಲ್ಲಿ. ದೊಡ್ಡ ಪೆಟ್ಟು ಬಿದ್ದದ್ದು ಕ್ಯಾಲೆಂಡರಿನಲ್ಲಿ. ಹನ್ನೆರಡು ತಿಂಗಳಿಗೆ ಹನ್ನೆರಡು ಪೇಚಾಟ ಬರೆದು ಐನೂರು ಪ್ರತಿ ಅಚ್ಚು ಹಾಕಿಸಿದೆ, ಮೂವತ್ತು ಸಾವಿರದ ಹತ್ತಿರ ಖರ್ಚಾಯಿತು. ಪರದೆಯ ಮೇಲೆ ಕಂಡ ಬಣ್ಣವನ್ನೇ ನಂಬಿ, ಒಂದು ಪ್ರತಿ ಅಚ್ಚು ತೆಗೆಸಿ ನೋಡದೆ ಒಪ್ಪಿಗೆ ಕೊಟ್ಟದ್ದು ನನ್ನ ತಪ್ಪು. ಎಲ್ಲರ ಮುಖವೂ ಇಟ್ಟಿಗೆ ಕೆಂಪಾಗಿ ಬಂತು. ನೂರನಲವತ್ತು ಹೋಯಿತು, ಉಳಿದದ್ದು ಅಟ್ಟದಲ್ಲಿದೆ. ಈಗ ಅಚ್ಚಿಗೆ ಕೊಡುವ ಮೊದಲು ಮೈಬಣ್ಣದಲ್ಲಿ ಮೆಜೆಂಟಾವನ್ನು (ಅಚ್ಚಿನ ನೇರಳೆಗೆಂಪು ಶಾಯಿ) ನೂರಕ್ಕೆ ಎಂಟು, ಹತ್ತರಷ್ಟು ಇಳಿಸುತ್ತೇನೆ, ಹೊಳಪಿಲ್ಲದ ಕಾಗದದಲ್ಲಿ ಒಂದು ಪ್ರತಿ ತೆಗೆಸಿ ಹಗಲು ಬೆಳಕಿನಲ್ಲಿ ನೋಡುತ್ತೇನೆ.

ಮಳೆಗಾಲ ನಮ್ಮ ಕಡೆಯವರ ಶತ್ರು. ಜೂನ್, ಜುಲೈಯಲ್ಲಿ ಕಾಗದಕ್ಕೆ ಬೂಸ್ಟು ಹಿಡಿದು ಒಮ್ಮೆ ಒಂಬತ್ತು ಚಿತ್ರ ಹಾಳಾದವು. ಈಗ ಕಪಾಟಿನೊಳಗೆ ನಲವತ್ತು ವಾಟಿನ ಬಲ್ಬು ಹಗಲಿಡೀ ಉರಿಯುತ್ತದೆ, ಕಾಗದಕ್ಕೆ ತಾಗದಷ್ಟು ದೂರದಲ್ಲಿ. ಅಂಚೆಯಲ್ಲಿ ಕಳಿಸಲು ರಟ್ಟಿನ ಕೊಳವೆ ಬಿಟ್ಟು, ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿದ ಪಿವಿಸಿ ಪೈಪಿನ ತುಂಡು ತರುತ್ತೇನೆ. ಬಣ್ಣದ ಮುಖ ಹೊರಗೆ ಬರುವಂತೆ ಸುತ್ತಬೇಕು, ಒಳಗೆ ಸುತ್ತಿದರೆ ಬಿಚ್ಚುವಾಗ ಗವಾಶ್ ಬಿರಿಯುವುದನ್ನು ಕಂಡಿದ್ದೇನೆ.

ಒಂದು ವಿಷಯದಲ್ಲಿ ನಾನು ಬಗ್ಗುವುದಿಲ್ಲ. ಹದಿನೆಂಟು ದಾಟಿರಬೇಕು, ಒಪ್ಪಿಗೆ ಚಿತ್ರದಲ್ಲಿ ಇರುವವರದೇ ಆಗಿರಬೇಕು. ಉಡುಗೊರೆಯಾದರೂ ಒಮ್ಮೆ ಅವರ ಜೊತೆ ಮಾತಾಡಿಯೇ ಬರೆಯುತ್ತೇನೆ, ಅಚ್ಚರಿ ಹಾಳಾದರೆ ಹಾಳಾಗಲಿ. ಸಹೋದ್ಯೋಗಿಯ ಫೋಟೊ ಕಳಿಸಿ ಹತ್ತು ಸಾವಿರ ಕೊಡುತ್ತೇನೆ ಎಂದವನೊಬ್ಬನಿದ್ದ. ಮುಂಗಡವನ್ನು ಅದೇ ನಿಮಿಷ ಹಿಂದಕ್ಕೆ ಹಾಕಿದೆ.

ಈ ನಡುವೆ ಗಂಡಸರನ್ನೂ ಬರೆದು ನೋಡಿದೆ. ಮುಂಡು ಎತ್ತಿ ಕಟ್ಟಿ ತೆಂಗಿನ ಮರದ ಬುಡದಲ್ಲಿ ನಿಂತವನ ಮೇಲೆ ಸೋಗೆ ಬೀಳುತ್ತಿರುವುದು, ಹೆಂಡತಿಯರೇ ಬರೆಸುತ್ತಾರೆ. ಗಂಡಸಿನ ತ್ರಿಭಂಗಿ ಕಷ್ಟ, ನಡು ಬಾಗಿದರೆ ಕೃಷ್ಣನಾಗುತ್ತಾನೆ. ಭಾರವನ್ನು ಹಿಮ್ಮಡಿಗೆ ತಂದರೆ ಸರಿಯಾಗುತ್ತದೆಯೇ ಎಂದು ಈ ವಾರ ನೋಡುತ್ತಿದ್ದೇನೆ. ಮೇಜಿನ ಮೇಲೆ ಉಪ್ಪಳದ ಒಬ್ಬರ ಎಡಗಾಲು ಇನ್ನೂ ಒದ್ದೆಯಾಗಿದೆ.