ಬೆಂಕಿ ಆರಿಸಲು ಓಡುವವರಿಗೆ ವಿಮೆ: ಬೇಸಿಗೆಗೆ ಮೊದಲೇ ಮಾಡಿಡಬೇಕಾದ ಕೆಲಸ

ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಒಣ ಹುಲ್ಲಿಗೆ ಕಿಡಿ ಬಿದ್ದಾಗಲೂ, ಚಳ್ಳಕೆರೆ ಕಡೆ ಶೇಂಗಾ ಹೊಟ್ಟಿನ ಬಣವೆ ಹೊತ್ತಿಕೊಂಡಾಗಲೂ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಉರಿ ಹಬ್ಬಿದಾಗಲೂ ಅಗ್ನಿಶಾಮಕ ವಾಹನಕ್ಕಿಂತ ಮುಂಚೆ ತಲುಪುವವರು ಹಸಿ ಸೊಪ್ಪು, ಕೊಡ ಹಿಡಿದು ಓಡುವ ಅಕ್ಕಪಕ್ಕದವರು. ಅವರಲ್ಲಿ ಒಬ್ಬರಿಗೆ ಸುಟ್ಟ ಗಾಯವಾದರೆ ದುಡ್ಡು ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಒಂದೇ ಪ್ರಶ್ನೆಯ ಮೇಲೆ ನಿಂತಿದೆ: ಅಂದು ಅವರು ಯಾರ ಕೂಲಿಯ ಮೇಲಿದ್ದರು?

ಮೊದಲ ಹೆಜ್ಜೆ: ನೀವು ಯಾವ ಗುಂಪಿನವರು ಎಂದು ತಿಳಿಯಿರಿ

ಬೇಸಿಗೆ ಮಟ್ಟಿಗೆ ದಿನಗೂಲಿಗೆ ಸೇರಿದ ಬೆಂಕಿ ಕಾವಲುಗಾರ ಕಾನೂನಿನ ಕಣ್ಣಲ್ಲಿ ನೌಕರ. ಗುತ್ತಿಗೆದಾರನ ಮೂಲಕ ಬಂದಿದ್ದರೂ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕನಿಂದಲೇ ಪರಿಹಾರ ಕೇಳಬಹುದು. ಗಿರಣಿ, ಭಟ್ಟಿಯ ಕೆಲಸಗಾರರಿಗೆ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾರ್ಡ್ ಇದ್ದರೆ ಪರಿಹಾರ ಅಲ್ಲಿಂದಲೇ, ಬೇರೆ ಕಡೆ ಕೇಳುವಂತಿಲ್ಲ. ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯಿದೆಯ ರಕ್ಷಣೆ ಇತ್ತು. ಅದು ಈಗ 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕೂಲಿ ಇಲ್ಲದೆ, ಊರಿನ ಮೇಲಿನ ಕಾಳಜಿಯಿಂದ ಓಡಿದವರಿಗೆ ಈ ಕಾನೂನು ಅನ್ವಯಿಸುವುದಿಲ್ಲ. ಎಲ್ಲರಿಗಿಂತ ಮುಂದೆ ನಿಲ್ಲುವವರೇ ಹೀಗೆ ಹೊರಗುಳಿಯುವುದು ಸಂಕಟದ ಸಂಗತಿ. ಹಾಗಾಗಿ ಅವರ ವಿಮೆಯನ್ನು ಅವರೇ ಮಾಡಿಸಿಕೊಳ್ಳಬೇಕು.

ಎರಡನೆಯದು: ಸ್ವಯಂಸೇವಕರಿಗೆ 20 ರೂಪಾಯಿ ವಿಮೆ

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ವರ್ಷಕ್ಕೆ 20 ರೂಪಾಯಿ. 18ರಿಂದ 70 ವರ್ಷದವರು ಉಳಿತಾಯ ಖಾತೆ ಇರುವ ಬ್ಯಾಂಕ್ ಅಥವಾ ಅಂಚೆ ಕಚೇರಿಯಲ್ಲಿ ಸೇರಬಹುದು. ಅಪಘಾತದಲ್ಲಿ ಸಾವು ಅಥವಾ ಎರಡೂ ಕಣ್ಣು, ಎರಡೂ ಕೈ ಹೋದಂಥ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, ಒಂದು ಕಣ್ಣು ಅಥವಾ ಒಂದು ಕೈ ಇಲ್ಲವೇ ಕಾಲಿನ ಶಾಶ್ವತ ನಷ್ಟಕ್ಕೆ 1 ಲಕ್ಷ. ಆಸ್ಪತ್ರೆ ಖರ್ಚು ಇದರಲ್ಲಿ ಬರುವುದಿಲ್ಲ. ಅದಕ್ಕೆ ಬಿಪಿಎಲ್ ಕುಟುಂಬಗಳು ವರ್ಷಕ್ಕೆ 5 ಲಕ್ಷದವರೆಗಿನ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡ್ ಮಾಡಿಸಿಕೊಂಡಿರಬೇಕು.

ವಿಮಾ ವರ್ಷ ಜೂನ್ 1ರಿಂದ ಮೇ 31. ತಪ್ಪುವುದು ಇಲ್ಲಿಯೇ: ಮೇ ಕೊನೆಯಲ್ಲಿ ಖಾತೆಯಲ್ಲಿ 20 ರೂಪಾಯಿ ಇಲ್ಲದೆ ಕಂತು ಕಡಿತವಾಗುವುದಿಲ್ಲ, ವಿಮೆ ನಿಂತುಹೋಗಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಪಾಸ್‌ಬುಕ್‌ಗೆ ಎಂಟ್ರಿ ಹಾಕಿಸಿ, 20 ರೂಪಾಯಿ ಕಡಿತದ ಸಾಲನ್ನು ಕಣ್ಣಾರೆ ನೋಡಿ. ಯುವಕ ಸಂಘಗಳು ಜನವರಿಯಲ್ಲೇ ಎಲ್ಲರ ಪಾಸ್‌ಬುಕ್ ಒಂದೆಡೆ ಸೇರಿಸಿ ನೋಡುವುದು ಒಳ್ಳೆಯದು. ನಾಮಿನಿ ಹೆಸರನ್ನೂ ಅಂದೇ ಓದಿಸಿ. ತೀರಿಹೋದ ಅಪ್ಪನ ಹೆಸರೇ ಉಳಿದಿರಬಹುದು.

ಮೂರನೆಯದು: ಕೂಲಿಯವರು ಹಾಜರಿ ಬರೆಸಬೇಕು

ಬೆಂಕಿ ಬಿದ್ದ ದಿನ ನಿಮ್ಮ ಹೆಸರು ಮಸ್ಟರ್ ರೋಲಿನಲ್ಲಿ, ಅಂದರೆ ಹಾಜರಿ ಪುಸ್ತಕದಲ್ಲಿ, ಇದೆಯೇ ಎನ್ನುವುದರ ಮೇಲೆ ಕೇಸು ನಿಲ್ಲುತ್ತದೆ ಅಥವಾ ಬೀಳುತ್ತದೆ. ಹೆಸರು, ತಾರೀಖು, ದಿನದ ಕೂಲಿ, ಸಹಿ ಅಥವಾ ಹೆಬ್ಬೆಟ್ಟು ಇರುವ ಪುಟವನ್ನು ವಾರಕ್ಕೊಮ್ಮೆ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಕೂಲಿ ಖಾತೆಗೇ ಬರಲಿ ಎಂದು ಕೇಳಿ. ನಗದಾಗಿ ಕೊಟ್ಟ ಕೂಲಿಗೆ ಸಾಕ್ಷಿ ಇರುವುದಿಲ್ಲ.

ಪರಿಹಾರದ ಲೆಕ್ಕ ಹೀಗೆ. ತಿಂಗಳ ಕೂಲಿ 12,000 ರೂಪಾಯಿ, ವಯಸ್ಸು 30 ಎಂದುಕೊಳ್ಳಿ. ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ 207.98. ಸಾವಾದರೆ ಕೂಲಿಯ ಅರ್ಧ 6,000ವನ್ನು ಅದರಿಂದ ಗುಣಿಸಿದಾಗ 12,47,880 ರೂಪಾಯಿ. ಪೂರ್ಣ ಶಾಶ್ವತ ಅಂಗವೈಕಲ್ಯಕ್ಕೆ ಕೂಲಿಯ ಶೇ 60ರ ಲೆಕ್ಕ, ಅಂದರೆ 14,97,456. ಕೈ ಸುಟ್ಟು ಬೆರಳು ಮಡಚಿಕೊಂಡರೆ ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತೆಂದು ವೈದ್ಯರು ಬರೆಯುತ್ತಾರೆ, ಅಷ್ಟು ಪಾಲು ಸಿಗುತ್ತದೆ. ತಾತ್ಕಾಲಿಕ ಗಾಯಕ್ಕೆ ಹದಿನೈದು ದಿನಕ್ಕೊಮ್ಮೆ ತಿಂಗಳ ಕೂಲಿಯ ಶೇ 25. ಚಿಕಿತ್ಸೆಯ ನಿಜ ಖರ್ಚು ಬೇರೆ, ಬಿಲ್ ಬಿಸಾಡಬೇಡಿ.

ಗಿರಣಿ ಮಾಲೀಕರಿಗೂ ಒಂದು ಮಾತು: ನೌಕರರ ಪರಿಹಾರ ಪಾಲಿಸಿ ಕೊಳ್ಳುವಾಗ ನಿಜವಾದ ಕೂಲಿ, ನಿಜವಾದ ತಲೆಲೆಕ್ಕ ತೋರಿಸಿ. ಹತ್ತು ಜನ ಎಂದು ಬರೆಸಿ ಇಪ್ಪತ್ತು ಜನರಿಂದ ದುಡಿಸಿದರೆ ಕ್ಲೇಮ್ ಸಮಯದಲ್ಲಿ ತಕರಾರು ಖಚಿತ. ಪರಿಹಾರ ಒಂದು ತಿಂಗಳು ಮೀರಿದರೆ ಶೇ 12 ಬಡ್ಡಿ, ಸರಿಯಾದ ಕಾರಣವಿಲ್ಲದಿದ್ದರೆ ಶೇ 50ರವರೆಗೆ ದಂಡ.

ನಾಲ್ಕನೆಯದು: ಅವಘಡವಾದ ದಿನದ ಕಾಗದಗಳು

112ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ‘ಬೆಂಕಿ ಆರಿಸುವಾಗ ಸುಟ್ಟ ಗಾಯ’ ಎಂದೇ ಎಂಎಲ್‌ಸಿ (ಪೊಲೀಸರಿಗೆ ಹೋಗುವ ವೈದ್ಯಕೀಯ-ಕಾನೂನು ದಾಖಲೆ) ಬರೆಸಿ. ‘ಮನೆಯಲ್ಲಿ ಸುಟ್ಟದ್ದು’ ಎಂದು ಒಮ್ಮೆ ದಾಖಲಾದರೆ ಬದಲಾಯಿಸುವುದು ಕಷ್ಟ. ಹೊಗೆಯಲ್ಲಿ ಕುಸಿದು ಸತ್ತರೆ ಮರಣೋತ್ತರ ಪರೀಕ್ಷೆ ಬೇಡವೆನ್ನಬೇಡಿ. ಬರೀ ಹೃದಯಾಘಾತ ಎಂದಾದರೆ 20 ರೂಪಾಯಿ ವಿಮೆ ಸಿಗದು. ಕೂಲಿಯವರ ವಿಷಯ ಬೇರೆ: ಕೆಲಸದ ಒತ್ತಡದಿಂದಲೇ ಹೃದಯಾಘಾತವಾಯಿತೆಂದು ತೋರಿಸಿದರೆ ಪರಿಹಾರ ಕೇಳಲು ಅವಕಾಶವಿದೆ.

ಎಫ್‌ಐಆರ್ ಅಥವಾ ಪಂಚನಾಮೆ, ವೈದ್ಯಕೀಯ ವರದಿ, ಆಧಾರ್, ಪಾಸ್‌ಬುಕ್ ಜೊತೆ 20 ರೂಪಾಯಿ ವಿಮೆಗಾಗಿ ಬ್ಯಾಂಕಿಗೆ 30 ದಿನದೊಳಗೆ ಅರ್ಜಿ ಕೊಡಿ. ಕೂಲಿಯವರ ಪರಿಹಾರದ ಅರ್ಜಿಗೆ ಎರಡು ವರ್ಷದ ಗಡುವು. ಎಲ್ಲಿ ಹಾಕಬೇಕೆಂದು ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ. ಕೋರ್ಟ್ ಆವರಣದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಿಗೆ ಉಚಿತವಾಗಿ ವಕೀಲರು ಸಿಗುತ್ತಾರೆ.

ಈ ನಡುವೆ ಹಿರಿಯರ ಮುಂದೆ ಐವತ್ತು ಸಾವಿರ ಕೈಗಿಟ್ಟು ‘ಇನ್ನೇನೂ ಕೇಳುವುದಿಲ್ಲ’ ಎಂದು ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ಯಾರಾದರೂ ಬರಬಹುದು. ಪರಿಹಾರದ ಹಕ್ಕನ್ನು ಬಿಟ್ಟುಕೊಡುವ ಅಂಥ ಒಪ್ಪಂದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಸಾವಿನ ಪ್ರಕರಣದಲ್ಲಂತೂ ಮಾಲೀಕ ಹಣವನ್ನು ಪರಿಹಾರದ ಅರ್ಜಿ ವಿಚಾರಿಸುವ ಪ್ರಾಧಿಕಾರದಲ್ಲಿಯೇ ಠೇವಣಿ ಇಡಬೇಕು. ಸಹಿ ಹಾಕಿಬಿಟ್ಟಿದ್ದರೂ ಹೆದರದೆ ಅರ್ಜಿ ಹಾಕಿ.