ಉಪ್ಪುನೀರಿನ ಹುಳು ಹುಡುಕುತ್ತಾ

ಮಳೆಗಾಲದಲ್ಲಿ ಸಾಗರದ ನಮ್ಮನೆ ಬಚ್ಚಲಿಗೆ ಚಿಪ್ಪಿಲ್ಲದ ಬಸವನಹುಳು ಬಂದರೆ ಅಮ್ಮ ಉಪ್ಪು ಉದುರಿಸುತ್ತಾಳೆ. ಅದರ ನೆಂಟರೇ ಕಡಲಿನ ಉಪ್ಪುನೀರಲ್ಲಿ ಹಾಯಾಗಿದ್ದಾರೆ ಅಂದರೆ ಅವಳು ಈಗಲೂ ನಂಬುವುದಿಲ್ಲ. ನಾನು ನಂಬಿದ್ದು ಗೇರುಸೊಪ್ಪೆ ಘಾಟಿ ಇಳಿದು ಕಣ್ಣಾರೆ ನೋಡಿದ ಮೇಲೆ.

ಮೊದಲ ಸಲ ಹೊನ್ನಾವರದ ಅಳಿವೆ ಹತ್ತಿರ ಹುಡುಕಿ ಒಂದು ಬೆಳಗ್ಗೆ ಪೂರ್ತಿ ದಂಡ ಮಾಡಿಕೊಂಡೆ. ನಮ್ಮ ಶರಾವತಿಯ ಸಿಹಿನೀರು ಬಂದು ಸೇರುವ ಜಾಗ ಅದು. ಈ ಹುಳುಗಳಲ್ಲಿ ಬಹುಪಾಲಿಗೆ ಸಿಹಿನೀರು ಆಗಿಬರುವುದಿಲ್ಲ. ಆಮೇಲೆ ಗೋಕರ್ಣದ ಓಂ ಬೀಚಿನ ಬಂಡೆಗಳಿಗೆ ಹೋಗತೊಡಗಿದೆ. ಡಿಸೆಂಬರ್, ಜನವರಿಯಲ್ಲಿ ಪಂಚಾಂಗ ನೋಡಿಕೊಂಡು ಹೊರಡುತ್ತೇನೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸು ನೀರು ಜಾಸ್ತಿ ಇಳಿಯುತ್ತದೆ. ಇಳಿತದ ಹೊತ್ತು ದಿನಾ ಸುಮಾರು 50 ನಿಮಿಷ ತಡವಾಗುತ್ತದೆ, ಹಾಗಾಗಿ ನಿನ್ನೆಯ ಲೆಕ್ಕ ಇವತ್ತಿಗೆ ನಡೆಯಲ್ಲ.

ಮೊದಲು ಸಿಕ್ಕಿದ್ದನ್ನು ಖುಷಿಯಲ್ಲಿ ಅಂಗೈ ಮೇಲೆ ಎತ್ತಿಕೊಂಡೆ. ಕೊಂಬಿಲ್ಲ, ಕಿವಿರಿಲ್ಲ, ಸುಮ್ನೆ ಒಂದು ಲೋಳೆ ಮುದ್ದೆ! ನಾಚಿಕೆಯಾಗಿ ವಾಪಸ್ ಬಂಡೆಗಳ ನಡುವೆ ನೀರು ನಿಂತ ಹೊಂಡಕ್ಕೆ ಬಿಟ್ಟೆ. ಎರಡು ನಿಮಿಷಕ್ಕೆ ತಲೆಯ ಮೇಲೆ ಎರಡು ಕೊಂಬು ಎದ್ದವು, ಬೆನ್ನ ಹಿಂಭಾಗದಲ್ಲಿ ಕಿವಿರು ಹೂವಿನ ಹಾಗೆ ಅರಳಿತು. ಅವತ್ತಿನಿಂದ ನೀರಿನಿಂದ ಎತ್ತಿದ್ದೇ ಇಲ್ಲ.

ಗುರುತಿಸುವಾಗ ನಾನು ಬಣ್ಣವನ್ನು ಕಡೆಗೆ ನೋಡುತ್ತೇನೆ. ಒಂದೇ ಜಾತಿಯಲ್ಲೂ ಬಣ್ಣ ಬೇರೆಬೇರೆ ಇರುತ್ತದೆ. ಮೊದಲು ನೋಡುವುದು ಕಿವಿರು. ಬೆನ್ನ ಹಿಂದೆ ಗೊಂಚಲಿದ್ದರೆ ಡೋರಿಡ್ ಗುಂಪು. ಮೈತುಂಬ ಬೆರಳಿನಂಥ ಎಳೆಗಳಿದ್ದರೆ ಇಯೋಲಿಡ್ ಇರಬಹುದು. ಎರಡೂ ಇಲ್ಲದೆ ಹಸಿರು ಎಲೆ ಮಡಿಸಿಟ್ಟಂತೆ ಕಂಡರೆ ಎಲಿಸಿಯಾ. ಅದು ಪಾಚಿಯ ರಸ ಹೀರಿ ಅದರ ಹಸಿರನ್ನೇ ಮೈಯೊಳಗೆ ಇಟ್ಟುಕೊಳ್ಳುತ್ತದೆ. ಹುಳು ಎಲ್ಲಿ ಕೂತಿದೆ ಅನ್ನುವುದನ್ನೂ ಬರೆದುಕೊಳ್ಳಬೇಕು. ಎಷ್ಟೋ ಸಲ ಅದರ ಊಟವೇ ಅದರ ಕೆಳಗಿರುತ್ತದೆ. ಡೋರಿಡ್‌ಗಳಲ್ಲಿ ಅನೇಕವು ಸ್ಪಂಜು ತಿನ್ನುತ್ತವೆ.

ಒಮ್ಮೆ ಮೀನು ಹಿಡಿಯಲು ಬಂದ ಅಜ್ಜ ಒಬ್ಬರು, "ಎಂಥ ಬಿದ್ದೋಯ್ತು ತಮ್ಮಾ?" ಅಂದರು. ಹುಳ ನೋಡ್ತಿದ್ದೇನೆ ಅಂದೆ. ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಮುಂದೆ ಹೋದರು.

ನನ್ನ ಟಿಪ್ಪಣಿ ಪುಸ್ತಕದಲ್ಲಿ ಒಂದು ಸಾಲು ಹಾಗೇ ಉಳಿದಿದೆ: "ಬಿಳಿ ಮೈ, ಹಳದಿ ಅಂಚು, ಕಿವಿರು ಕಾಣಲಿಲ್ಲ." ಆತುರಕ್ಕೆ ಕ್ಯಾಮೆರಾ ತೀರಾ ಹತ್ತಿರ ಹಿಡಿದಿದ್ದೆ, ಅದು ಗೊಂಚಲನ್ನು ಒಳಗೆ ಎಳೆದುಕೊಂಡುಬಿಟ್ಟಿತು. ಕಾಯುವಷ್ಟರಲ್ಲಿ ಹೊಂಡಕ್ಕೆ ಅಲೆ ನುಗ್ಗಿತು.