ಡಬ್ಬಿ ತಗಡಿನಿಂದ ಸೈಕಲ್ ಹೆಡ್‌ಸೆಟ್‌ನ ಅಲುಗಾಟ ನಿಲ್ಲಿಸಿದೆ: ನನ್ನ ಅನುಭವ

ಬೆಳಗಾವಿ ಹತ್ತಿರದ ರಾಜಹಂಸಗಡ ಕೋಟೆ ಗುಡ್ಡ ಇಳಿಯುವಾಗ ಸೈಕಲ್‌ನ ಮುಂದಿನ ಬ್ರೇಕ್ ಹಿಡಿದರೆ ಸಾಕು, ಹ್ಯಾಂಡಲ್ ಬುಡದಲ್ಲಿ ಕಟ್ ಕಟ್ ಅಂತ ಸದ್ದು. ಹೆಚ್ಚುಕಡಿಮೆ ಒಂದು ವರ್ಷ ಅದನ್ನು ಕೇಳಿದ್ದೇನೆ. ಈಗ ಇಲ್ಲ. ಹೋದ ಮಳೆಗಾಲದಿಂದ 1,400 ಕಿಮೀ ಹತ್ತಿರ ಓಡಿಸಿದ್ದೇನೆ. ಜಾಂಬೋಟಿ ಕಡೆಯ ಕೆಂಪು ರಾಡಿಯಲ್ಲೂ ಇಳಿಸಿದ್ದೇನೆ. ಹೆಡ್‌ಸೆಟ್, ಅಂದರೆ ಹ್ಯಾಂಡಲ್ ಬುಡದ ಬೇರಿಂಗ್ ಜೋಡಣೆ, ಒಂದು ಸಲವೂ ಸಡಿಲಾಗಿಲ್ಲ. ತಂಪು ಪಾನೀಯದ ಖಾಲಿ ಡಬ್ಬಿ ತಗಡಿನಿಂದ ಸರಿಮಾಡಿದೆ ಅಂದಾಗ ನಮ್ಮ ಸೈಕಲ್ ಗುಂಪಿನಲ್ಲಿ ಯಾರೂ ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಗಾಡಿ 29 ಇಂಚಿನ ಅಲಾಯ್ ಹಾರ್ಡ್‌ಟೇಲ್ (ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಸೈಕಲ್), ಸೆಕೆಂಡ್ ಹ್ಯಾಂಡ್. ಮುಂದಿನ ಚಕ್ರ ಹಿಡಿಯುವ ಫೋರ್ಕ್‌ನಿಂದ ಮೇಲೆ ಹೋಗುವ ಕೊಳವೆ, ಅಂದರೆ ಸ್ಟೀರರ್, ನೇರ, 28.6 ಮಿಮೀ. ಹೆಡ್‌ಸೆಟ್‌ನಲ್ಲಿ ಮುಚ್ಚಿದ ಕಾರ್ಟ್ರಿಜ್ ಬೇರಿಂಗ್ ಇಲ್ಲ, ಬಾಲ್ ಕೇಜ್ (ಗುಂಡುಗಳನ್ನು ಹಿಡಿದ ಬಳೆ). ಹೆಡ್‌ಸೆಟ್ ಸಡಿಲಾದರೆ ಸ್ಟೆಮ್ (ಹ್ಯಾಂಡಲನ್ನು ಸ್ಟೀರರ್‌ಗೆ ಹಿಡಿಸುವ ತುಂಡು) ಬೋಲ್ಟ್ ಸಡಿಲಿಸಿ ಅದರ ಮೇಲಿನ ಟಾಪ್ ಕ್ಯಾಪ್ ಬಿಗಿಮಾಡೋದು ಮಾಮೂಲಿ. ನನ್ನ ಗಾಡಿಯಲ್ಲಿ ಅದನ್ನು ಮಾಡಿದರೆ ಮನೆ ಅಂಗಳದಲ್ಲಿ ಎಲ್ಲ ಸರಿ. ಹತ್ತು ಕಿಮೀ ಹೋದರೆ ಮತ್ತೆ ಆಟ (ಅಲುಗಾಟ).

ಮೊದಲು ಸಿಕ್ಕಿದ್ದು ಸ್ಪೇಸರ್ (ಸ್ಟೀರರ್ ಮೇಲೆ ಹಾಕುವ ಬಳೆ) ತಪ್ಪು. ಸ್ಟೀರರ್ ತುದಿ ಸ್ಟೆಮ್‌ನ ಮೇಲಂಚಿಗೆ ಸಮ ಇತ್ತು. ಕ್ಯಾಪ್ ಸ್ಟೀರರ್ ಮೇಲೇ ಕೂತುಬಿಡುತ್ತಿತ್ತು, ಬೇರಿಂಗ್‌ಗೆ ಬಿಗಿತವೇ ಹೋಗುತ್ತಿರಲಿಲ್ಲ. 5 ಮಿಮೀ ಸ್ಪೇಸರ್ ಒಂದು ಹಾಕಿದೆ, 120 ರೂಪಾಯಿ. ಗೆದ್ದೆ ಅಂದುಕೊಂಡೆ. ಮುಂದಿನ ಭಾನುವಾರ ಅದೇ ಸದ್ದು.

ಆಮೇಲೆ ದುಡ್ಡು ಹೋಗುವ ಕಾಲ ಶುರುವಾಯಿತು. ಬಾಲ್ ಕೇಜ್, ಕಪ್ (ಬೇರಿಂಗ್ ಕೂರುವ ಬಟ್ಟಲು) ಸೆಟ್ ಎರಡು ಸಲ ಬದಲಿಸಿದೆ, ಒಂದೊಂದಕ್ಕೆ 350ರ ಆಸುಪಾಸು. ಒಂದು ಅಂಗಡಿಯಲ್ಲಿ ಕೆಳಗಿನ ಕೇಜ್ ತಲೆಕೆಳಗಾಗಿ ಕೂರಿಸಿ 200 ರೂಪಾಯಿ ಕೂಲಿ ತಗೊಂಡರು. ಬಿಚ್ಚಿ ನೋಡದಿದ್ದರೆ ಹೊಸ ಕಪ್ಪೂ ಹೋಗುತ್ತಿತ್ತು. ಇನ್ನೊಂದು ಕಡೆ, ಫೋರ್ಕ್‌ನ ಬುಶ್ (ಒಳಗಿನ ಜಾರುವ ಬಳೆ) ಹೋಗಿದೆ, ಫೋರ್ಕೇ ಬದಲಿಸಿ, 6,500 ಆಗುತ್ತೆ ಅಂದರು.

ಫೋರ್ಕ್ ಬುಶ್ ಅಲ್ಲ ಅಂತ ನನಗೆ ಖಾತ್ರಿ ಇತ್ತು. ಹ್ಯಾಂಡಲ್ ಪೂರ್ತಿ ಪಕ್ಕಕ್ಕೆ ತಿರುಗಿಸಿ ಗಾಡಿಯನ್ನು ಹಿಂದೆಮುಂದೆ ಆಡಿಸಿದಾಗಲೂ ಆಟ ಹಾಗೇ ಇತ್ತು. ಬುಶ್ ಅಥವಾ ಬ್ರೇಕ್ ಪ್ಯಾಡ್ ಆಟ ಆಗಿದ್ದರೆ ಅಲ್ಲಿ ಹೋಗಿಬಿಡಬೇಕಿತ್ತು, ಅಲ್ವಾ? ಮೇಲಿನ ಕಪ್ ಮೇಲೆ ಬೆರಳಿಟ್ಟರೆ ಏನೂ ಇಲ್ಲ. ಕೆಳಗಿನ ಕಪ್ ಮತ್ತು ಫೋರ್ಕ್ ಕ್ರೌನ್ (ಫೋರ್ಕ್‌ನ ಎರಡು ಕಾಲು ಸೇರುವ ಜಾಗ) ನಡುವೆ ಇಟ್ಟರೆ ಬೆರಳಿಗೆ ಸಣ್ಣಗೆ ಬಡಿಯುತ್ತಿತ್ತು. ಹೊಸ ಬೇರಿಂಗ್ ಹಾಕಿದ ಮೇಲೂ ಬಡಿಯುತ್ತಿತ್ತು.

ಆಗ ಮಾಡಿದ್ದು ನನ್ನದೇ ಉಪಾಯ. ಮಗಳ ಕೆಂಪು ನೇಲ್ ಪಾಲಿಶ್ ತಗೊಂಡು ಕ್ರೌನ್ ರೇಸ್‌ನ (ಕೆಳಗಿನ ಬಾಲ್‌ಗಳು ಓಡುವ ಉಕ್ಕಿನ ಬಳೆ) ಅಂಚಿಗೂ ಅದರ ಕೆಳಗೆ ಫೋರ್ಕ್ ಕ್ರೌನಿಗೂ ಸೇರಿಸಿ ಒಂದು ಗೆರೆ ಎಳೆದೆ. ಬೆಳಗಾವಿಯ ವ್ಯಾಕ್ಸಿನ್ ಡಿಪೋ ಮೈದಾನದಲ್ಲಿ ಮರದ ಬೇರುಗಳ ಮೇಲೆ ಒಂದು ತಾಸು ಓಡಿಸಿದೆ. ಮನೆಗೆ ಬಂದು ನೋಡಿದರೆ ಗೆರೆ ಒಡೆದಿತ್ತು. ಮೇಲಿನ ತುಂಡು ಒಂದು ಬೆರಳಗಲ ಪಕ್ಕಕ್ಕೆ ಹೋಗಿತ್ತು! ಸುತ್ತಿಗೆಯಿಂದ ಬಡಿದು ಕೂರಿಸುವ ರೇಸ್ ಫೋರ್ಕ್ ಮೇಲೇ ತಿರುಗುತ್ತಿತ್ತು. ಫೋರ್ಕ್ ಇಳಿಸಿದಾಗ ರೇಸ್ ಕೈಯಲ್ಲೇ ಬಂತು. ಇಷ್ಟು ಜನ ಬಿಚ್ಚಿದ್ದರು, ಯಾರೂ ಅದನ್ನು ಹಿಡಿದು ನೋಡಿರಲಿಲ್ಲ.

ಮೊದಲ ಪ್ರಯತ್ನ ಸೆಂಟರ್ ಪಂಚ್. ರೇಸ್ ಕೂರುವ ಜಾಗದ ಸುತ್ತ ಚುಕ್ಕೆ ಹೊಡೆದು ಉಬ್ಬಿಸಿದೆ. ಮೂರು ವಾರ ಬಂತು. ಆಮೇಲೆ ಉಬ್ಬು ಸವೆದು ಮತ್ತೆ ಸಡಿಲ. ಎರಡನೆಯದು ನೀಲಿ ಥ್ರೆಡ್ ಲಾಕರ್, 200 ರೂಪಾಯಿ. ಅದು ಥ್ರೆಡ್ಡಿಗೆ ಇರೋದು, ಇಲ್ಲಿ ಮೂರು ರೈಡ್ ತಡೆಯಿತು. ಬೇರಿಂಗ್ ಕೂರಿಸುವ ಹಸಿರು ಅಂಟು ಬೇರೆಯೇ ಇದೆ. ಅದು ನನಗೆ ಆಗ ಸಿಗಲಿಲ್ಲ.

ಕೊನೆಗೆ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಒಂದು ಲೇತ್ ಶೆಡ್ಡಿಗೆ ಫೋರ್ಕ್ ಹೊತ್ತುಕೊಂಡು ಹೋದೆ. ಪಂಚ್ ಉಬ್ಬುಗಳನ್ನು ಎಮರಿಯಿಂದ ಉಜ್ಜಿ ಸಮ ಮಾಡಿ ವರ್ನಿಯರ್ ಹಿಡಿದು ಅಳೆದರು. ಫೋರ್ಕ್ ಮೇಲಿನ ಜಾಗ 29.9 ಮಿಮೀ, ರೇಸ್‌ನ ಒಳಗೆ 30.0. ಅಲ್ಲೇ ಹಿತ್ತಾಳೆ ಶಿಮ್ (ತೆಳು ತಗಡಿನ ಪಟ್ಟಿ) 0.05 ಮಿಮೀ ದಪ್ಪದ್ದು 60 ರೂಪಾಯಿಗೆ ಕೊಟ್ಟರು. ಹಾಕಿದೆ. ರೇಸ್ ಸಲೀಸಾಗಿ ಇಳಿಯಿತು. ಹಾಗೆ ಇಳಿದದ್ದೇ ತೊಂದರೆ. ಎರಡೂ ಕಡೆ ಸೇರಿ 0.1 ತುಂಬಿತು, ಹಿಡಿತ ಸೊನ್ನೆ. ಒಂದೇ ರೈಡಿಗೆ ಗೆರೆ ಮತ್ತೆ ಒಡೆಯಿತು.

ಇನ್ನೂ ದಪ್ಪ ಬೇಕು ಅಂತ ಹೋದರೆ ಅವತ್ತು ಅವರಲ್ಲಿ 0.1 ಇರಲಿಲ್ಲ. ಚಹಾದಂಗಡಿ ಮುಂದೆ ಬಿದ್ದಿದ್ದ ಅಲ್ಯೂಮಿನಿಯಂ ಡಬ್ಬಿ ಕಣ್ಣಿಗೆ ಬಿತ್ತು. ಕತ್ತರಿಸಿ ಬಣ್ಣ ಕೆರೆದು ಅಳೆದರೆ ಹತ್ತಿರ ಹತ್ತಿರ 0.1. ಅಂದರೆ ಜಾಗ 30.1 ಆಗುತ್ತೆ, ಬೇಕಾದಷ್ಟೇ ಬಿಗಿತ. ಮೇಸ್ತ್ರಿ ತಲೆ ಅಲ್ಲಾಡಿಸಿದರು. "ಸರ, ಡಬ್ಬಿ ತಗಡ ಎಷ್ಟ ದಿನಾ ತಡೀತೈತ್ರೀ? ಹೊಸಾ ಫೋರ್ಕ ತಗೋರಿ ಸುಮ್ನ" ಅಂದರು. ಆದರೂ ಹಳೇ ಪೈಪ್ ತುಂಡಿಗೆ ಒಳಗೆ 29 ಮಿಮೀ ಬೋರ್ ಹೊಡೆದು ಕೊಟ್ಟರು, 100 ರೂಪಾಯಿ. ಅದು ರೇಸ್ ಬಡಿಯೋಕೆ. ಪೈಪಿನ ಅಂಚು ರೇಸ್‌ನ ಒಳಸುತ್ತಿಗೆ ಕೂರಬೇಕು, ಬಾಲ್ ಓಡುವ ದಾರಿಗೆ ತಾಗಬಾರದು.

ಪಟ್ಟಿಯ ಉದ್ದ 93 ಮಿಮೀ ಆಸುಪಾಸು. ತುದಿಗಳು ಒಂದರ ಮೇಲೊಂದು ಬಂದರೆ ಅಲ್ಲಿ ಗಡ್ಡೆಯಾಗಿ ರೇಸ್ ವಾರೆ ಕೂರುತ್ತೆ. ಅಗಲ ಜಾಗದ ಎತ್ತರಕ್ಕಿಂತ ಒಂದು ಕೂದಲು ಕಡಿಮೆ ಇರಲಿ. ಪೆಟ್ರೋಲ್‌ನಲ್ಲಿ ಜಾಗ, ರೇಸ್ ಎರಡನ್ನೂ ಒರೆಸಿದೆ. ಮೊದಲ ಎರಡು ಪಟ್ಟಿ ಬಡಿಯುವಾಗಲೇ ಮುದುಡಿದವು. ಮೂರನೆಯದು ಕೂತಿತು. ಮುದುಡದ ಹಾಗೆ ಏನು ಮಾಡಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಭಾನುವಾರ ವ್ಯಾಕ್ಸಿನ್ ಡಿಪೋಕ್ಕೆ ಬನ್ನಿ, ಕೈಯಾರೆ ತೋರಿಸುತ್ತೇನೆ. ಕೊನೆಯ ಏಟಿಗೆ ಸದ್ದು ಬದಲಾಗುತ್ತೆ, ಡಬ್ ಡಬ್ ಹೋಗಿ ಟಣ್ ಅನ್ನುತ್ತೆ. ಆಗ ಪೂರ್ತಿ ಕೂತಿದೆ ಅಂತ.

ಇದರ ಜೊತೆಗೇ ಇನ್ನೊಂದು ಮಾಡಿ ನೋಡಿದೆ. ಹಳೇ ಟ್ಯೂಬಿನಿಂದ ಎರಡು ಬೆರಳಗಲದ ಬಳೆ ಕತ್ತರಿಸಿ, ಫೋರ್ಕ್ ಹಾಕುವ ಮೊದಲೇ ಕೆಳಗಿನ ಕಪ್ ಮೇಲೆ ಏರಿಸಿ, ಆಮೇಲೆ ಕೆಳಗೆಳೆದು ಸಂದು ಮುಚ್ಚಿದೆ. ರಾಡಿ ಒಳಗೆ ಹೋಗೋದು ಬಹಳ ಕಡಿಮೆಯಾಯಿತು. ಆದರೆ ಒಳಗೆ ಹೋದ ನೀರೂ ಅಲ್ಲೇ ನಿಲ್ಲುತ್ತೆ. ಮಳೆಗಾಲದಲ್ಲಿ ಎರಡು ವಾರಕ್ಕೊಮ್ಮೆ ಬಳೆ ಮೇಲೆತ್ತಿ ಒಣಗಿಸುತ್ತೇನೆ. ಗ್ರೀಸ್ ಮಾತ್ರ ಜಾಸ್ತಿಯೇ ತುಂಬುತ್ತೇನೆ.

ಲೆಕ್ಕ ಹಾಕಿದರೆ ತಪ್ಪು ದಾರಿಗೆ ಹೋದದ್ದು 1,300ರ ಹತ್ತಿರ. ಸರಿಮಾಡಿದ್ದಕ್ಕೆ 100 ರೂಪಾಯಿ, ಮೇಲೆ ಎರಡು ಕಪ್ ಚಹಾ. ನೇಲ್ ಪಾಲಿಶ್ ಗೆರೆ ಹೊಸದಾಗಿ ಎಳೆದಿದ್ದೆ. ಮೊನ್ನೆ ಬಳೆ ಎತ್ತಿದಾಗಲೂ ನೆಟ್ಟಗೇ ಇತ್ತು.

ಹೋದ ತಿಂಗಳು ಅದೇ ಮೇಸ್ತ್ರಿ ಬೇರೆ ಹುಡುಗನೊಬ್ಬನ ಫೋರ್ಕ್ ಒಂದನ್ನು ನನ್ನ ಹತ್ತಿರ ಕಳಿಸಿದರು. ಅಳೆದರೆ ರೇಸ್ ಕೂರುವ ಜಾಗ 29.7ಕ್ಕೆ ಸವೆದಿತ್ತು, ಬುಡದಲ್ಲಿ ಕೂದಲೆಳೆಯ ಬಿರುಕೂ ಕಂಡಿತು. ತಗಡು ಎರಡು ಸುತ್ತು ಹಾಕಿ ಅಂತ ಆ ಹುಡುಗ ಕೇಳಿಕೊಂಡ. ನಾನು ಹಾಕಲಿಲ್ಲ. ಬಿರುಕು ತೋರಿಸಿ, ಇದನ್ನು ಇನ್ನು ಓಡಿಸಬೇಡಪ್ಪಾ ಅಂತ ಹೇಳಿ ಫೋರ್ಕ್ ವಾಪಸ್ ಕೊಟ್ಟೆ.